ಅಪ್ಪನ ದುಡ್ಡು ಅಪ್ಪನಿಗೇ ಇರಲಿ

ಕರ್ನಾಟಕದಲ್ಲಿ ಮೇ 31ಕ್ಕೆ ರಿಟೈರ್ ಆಗೋ ಅಪ್ಪಂದಿರು ತುಂಬಾ ಜನ. ಆಗೆಲ್ಲ ಎಷ್ಟೋ ಮನೆಗಳಲ್ಲಿ ಹುಟ್ಟಿದ ದಿನ ಬರೆದಿಡುತ್ತಿರಲಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಅಂತ ಹಾಕಿಬಿಡುತ್ತಿದ್ದರು. ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ನಮ್ಮಪ್ಪನೂ ಅದೇ ಬ್ಯಾಚು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯ್ತು. (ಪೇಟ ಈಗ ಟಿವಿ ಪಕ್ಕ ಇದೆ.)

ಭಾಷಣ ಮಾಡಿದವರೆಲ್ಲ 'ಇನ್ನು ವಿಶ್ರಾಂತಿ' ಅಂದರು. ಆದರೆ ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರಿಗೆ 60 ತುಂಬುವಾಗ ಮಕ್ಕಳ ಬಿಇ ಇನ್ನೂ ಮುಗಿದಿರಲ್ಲ. ಗ್ರಾಚ್ಯುಟಿ ಕೈಗೆ ಬರುವ ಮೊದಲೇ ಅದರ ಲೆಕ್ಕ ಮುಗಿದಿರುತ್ತೆ: ಮಗನ ಫೀಸು, ಮಗಳ ಮದುವೆ. ಅದೂ ಸಾಲದು ಅಂತ, 'ಮನೇಲಿ ಸುಮ್ನೆ ಕೂತು ಏನ್ಮಾಡ್ತೀರಾ' ಎಂದು ಯಾರಾದರೂ ಒಂದು ಲೆಕ್ಕ ಬರೆಯೋ ಕೆಲಸ ತಂದುಕೊಡ್ತಾರೆ. ಅಪ್ಪ ಹೂಂ ಅಂತಾರೆ, ನಮಗೋಸ್ಕರ.

ಇದು ಬೇಡ ಅನ್ನೋದು ನಮ್ಮ ವಾದ. ಉಳಿದ ಎರಡು ವರ್ಷಕ್ಕೆ ಎಜುಕೇಶನ್ ಲೋನ್ ಇದೆ. 4 ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ, ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಶುರುವಾಗಲ್ಲ. ಅಪ್ಪನ ಸಹಿ ಬೇಕಾಗುತ್ತೆ, ಬಡ್ಡಿನೂ ಓಡ್ತಾ ಇರುತ್ತೆ, ನಿಜ. ಆದರೆ ತೀರಿಸೋರು ನಾವು, ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಲ್ಲಿ. ಅವರು 60ರಲ್ಲಿ ಮತ್ತೆ ಟಿಫನ್ ಬಾಕ್ಸ್ ಹಿಡಿದು ಹೊರಡೋದಕ್ಕಿಂತ ಇದು ಹಗುರ.

'ಅಪ್ಪಾ, ನಿಮಗೇನು ಬೇಕು?' ಅಂತ ನಾವು ಮಕ್ಕಳೆಲ್ಲ ಕೂತು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಈಜು ಕಲೀಬೇಕು ಅಂದರು. ಬ್ಯಾಂಕಿನ ಅರ್ಜಿ ತುಂಬ್ತಾ ಇದ್ದೀವಿ. ಈಜುಕೊಳದ್ದೂ.