ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದ ಮೇಲೆ ಎಂಜಿನ್ ಲೈಟ್ ಏಕೆ ಹೊತ್ತಿಕೊಳ್ಳುತ್ತದೆ? ಬ್ಯಾಟರಿ ಕಳಚಿದರೆ ಸರಿಹೋಗುತ್ತದೆಯೇ?

‘ಕಾರಿನ ಜೊತೆ ಬಂದ ಏರ್ ಫಿಲ್ಟರ್ ಡಬ್ಬಿ ತೆಗೆಸಿ ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿ. ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಬಂದರೆ ಹೆದರಬೇಡಿ. ಹೊರಗಿನ ಪಾರ್ಟ್ ಹಾಕಿದ್ದು ಕಂಪ್ಯೂಟರಿಗೆ ಗೊತ್ತಾಗಿದೆ, ಅಷ್ಟೇ. ಬ್ಯಾಟರಿ ವೈರ್ ಹತ್ತು ನಿಮಿಷ ಕಳಚಿಡಿ, ಹೋಗುತ್ತದೆ.’

ಕಾರು ಪ್ರಿಯರ ಗ್ರೂಪುಗಳಲ್ಲಿ ಈ ಧಾಟಿಯ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಉತ್ಪ್ರೇಕ್ಷೆಯಿದೆ, ಎಂಜಿನ್ ಕೆಡಿಸುವಂಥ ಒಂದು ತಪ್ಪೂ ಇದೆ. ಒಂದೊಂದಾಗಿ ನೋಡೋಣ.

ಪಿಕಪ್, ಮೈಲೇಜ್ ನಿಜವಾಗಿ ಹೆಚ್ಚುತ್ತದೆಯೇ?

ತಂಪಾದ ಗಾಳಿ ದಟ್ಟವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಹೆಚ್ಚಿರುತ್ತದೆ ಎನ್ನುವುದು ನಿಜ. ಗಾಳಿ 40 ಡಿಗ್ರಿಯಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಸಾಂದ್ರತೆ ಸುಮಾರು ಶೇ. 3ರಷ್ಟು ಹೆಚ್ಚುತ್ತದೆ. ಆದರೆ ಬಹುತೇಕ ಹೊಸ ಕಾರುಗಳು ಈಗಾಗಲೇ ಮುಂದಿನ ಗ್ರಿಲ್ ಅಥವಾ ಫೆಂಡರ್ ಕಡೆಯಿಂದ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಹಾಗಾಗಿ ಸಿಗುವ ಲಾಭ ಚಿಕ್ಕದು. ಬಾನೆಟ್ ಒಳಗೇ ತೆರೆದ ಫಿಲ್ಟರ್ ಇಡುವ ಅಗ್ಗದ ಕಿಟ್ ಹಾಕಿದರಂತೂ ಎಂಜಿನ್ನಿನ ಬಿಸಿ ಗಾಳಿಯೇ ಒಳಹೋಗುತ್ತದೆ. ಶಬ್ದ ಜೋರಾಗುತ್ತದೆ, ಆ ಶಬ್ದವೇ ಪಿಕಪ್ಪಿನಂತೆ ಅನಿಸುತ್ತದೆ.

ಮೈಲೇಜ್ ಮಾತು ಇನ್ನೂ ದುರ್ಬಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಂಪ್ಯೂಟರ್ ನಿಯಂತ್ರಿತ ಪೆಟ್ರೋಲ್ ಕಾರುಗಳ ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಟ್ಟಿಕೊಂಡ ಫಿಲ್ಟರೇ ಮೈಲೇಜ್ ಇಳಿಸದಿದ್ದರೆ, ಸರಿಯಾಗಿರುವ ಫಿಲ್ಟರ್ ತೆಗೆದು ಬೇರೆಯದನ್ನು ಹಾಕುವುದರಿಂದ ಎಷ್ಟು ಏರೀತು?

ಕಂಪ್ಯೂಟರ್ ‘ಹೊರಗಿನ ಪಾರ್ಟ್’ ಕಂಡುಹಿಡಿಯುತ್ತದೆಯೇ?

ಇಲ್ಲ. ಗಾಳಿಯ ಪೈಪ್ ಯಾವ ಕಂಪನಿಯದು ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಅದಕ್ಕೆ ಗೊತ್ತಾಗುವುದು ಸೆನ್ಸರ್‌ಗಳು ಕಳಿಸುವ ಲೆಕ್ಕ ಮಾತ್ರ.

ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಳಹೋದ ಗಾಳಿಯನ್ನು ಅಳೆಯಲು ಅನೇಕ ಕಾರುಗಳಲ್ಲಿ ಫಿಲ್ಟರ್‌ನ ಹಿಂದೆಯೇ ಮಾಸ್ ಏರ್ ಫ್ಲೋ ಸೆನ್ಸರ್, ಅಂದರೆ ಮ್ಯಾಫ್ ಸೆನ್ಸರ್ ಇರುತ್ತದೆ. ಅದರೊಳಗೆ ವಿದ್ಯುತ್ತಿನಿಂದ ಬಿಸಿಯಾಗಿರುವ ಕೂದಲೆಳೆಯಂಥ ತಂತಿ ಇರುತ್ತದೆ. ಹಾಯುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಗಾಳಿಯ ಲೆಕ್ಕ ಸಿಗುತ್ತದೆ. ಆ ಲೆಕ್ಕದ ಪ್ರಕಾರ ಪೆಟ್ರೋಲ್ ಚಿಮ್ಮುತ್ತದೆ. ಉರಿದ ಮೇಲೆ ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲ್ ಕಡಿಮೆಯಾಯಿತು’ ಅಥವಾ ‘ಹೆಚ್ಚಾಯಿತು’ ಎಂದು ಹೇಳುತ್ತದೆ. ಕಂಪ್ಯೂಟರ್ ಅದರಂತೆ ತಿದ್ದಿಕೊಳ್ಳುತ್ತದೆ.

ಮ್ಯಾಫ್ ಸೆನ್ಸರ್ ಪೈಪಿನಲ್ಲಿ ಹಾಯುವ ಎಲ್ಲ ಗಾಳಿಯನ್ನೂ ಅಳೆಯುವುದಿಲ್ಲ. ಒಂದು ಚಿಕ್ಕ ಪಾಲನ್ನು ಅಳೆದು, ಪೈಪಿನ ಅಳತೆಗೆ ತಕ್ಕಂತೆ ಒಟ್ಟು ಲೆಕ್ಕ ಹಾಕುವಂತೆ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಸೆನ್ಸರ್ ಕೂರುವ ಪೈಪಿನ ಒಳವ್ಯಾಸ 60 ಮಿಲಿಮೀಟರ್ ಇದ್ದದ್ದು 70 ಆಯಿತೆಂದುಕೊಳ್ಳಿ. ಪೈಪಿನ ಬಾಯಿ ಸುಮಾರು ಶೇ. 36ರಷ್ಟು ಅಗಲವಾಯಿತು. ಅಷ್ಟೇ ಗಾಳಿ ಈಗ ನಿಧಾನವಾಗಿ ಹಾಯುತ್ತದೆ. ಸೆನ್ಸರ್ ಗಾಳಿಯನ್ನು ಕಾಲು ಭಾಗಕ್ಕಿಂತಲೂ ಹೆಚ್ಚು ಕಡಿಮೆ ಅಳೆಯುತ್ತದೆ. ಪೆಟ್ರೋಲ್ ಸಾಲದೆ ಬರುತ್ತದೆ. ಕಂಪ್ಯೂಟರ್ ತನ್ನ ಮಿತಿಯವರೆಗೆ ಪೆಟ್ರೋಲ್ ಸೇರಿಸಿ ನೋಡುತ್ತದೆ. ಆ ಮಿತಿಯೂ ಮುಗಿದಾಗ ಲೈಟ್ ಹೊತ್ತಿಸುತ್ತದೆ. ಸ್ಕ್ಯಾನರ್ ಹಾಕಿದರೆ ಸಿಗುವ ಪಿ0171 ಎಂಬ ಕೋಡ್ ಹೇಳುವುದು ಇದನ್ನೇ: ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ.

ಲೈಟ್ ಬರಲು ಸಾಮಾನ್ಯ ಕಾರಣಗಳು

- ಮ್ಯಾಫ್ ಸೆನ್ಸರ್ ಕೂರುವ ಜಾಗದ ಅಳತೆ ಮೂಲದಂತೆ ಇಲ್ಲದಿರುವುದು, ಅಥವಾ ಅದರ ಮುಂದೆಯೇ ಪೈಪ್ ತಿರುವು ಇದ್ದು ಗಾಳಿ ಸುಳಿಯಾಗುವುದು.
- ಸೆನ್ಸರ್ ಮತ್ತು ಎಂಜಿನ್ ನಡುವೆ ಕ್ಲ್ಯಾಂಪ್ ಸಡಿಲವಾಗಿ ಅಥವಾ ರಬ್ಬರ್ ಪೈಪ್ ಬಿರಿದು, ಅಳತೆಗೆ ಸಿಗದ ಗಾಳಿ ನುಸುಳುವುದು. ಇದರಿಂದಲೂ ಪಿ0171 ಬರುತ್ತದೆ.
- ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಪ್ಲಗ್ ಹಾಕಲು ಮರೆಯುವುದು. ಇದಕ್ಕೆ ಪಿ0113 ಕೋಡ್ ಬರುತ್ತದೆ.
- ಸೆನ್ಸರ್ ಮೇಲಿನ ಬಾಣದ ಗುರುತು ನೋಡದೆ ಉಲ್ಟಾ ಕೂರಿಸುವುದು.
- ತೊಳೆದು ಬಳಸುವ ಫಿಲ್ಟರಿಗೆ ಎಣ್ಣೆ ಹೆಚ್ಚು ಹಚ್ಚಿ, ಅದು ಸೆನ್ಸರಿನ ತಂತಿಗೆ ಅಂಟುವುದು.

ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಸೆನ್ಸರ್ ಇರುವುದಿಲ್ಲ. ಅವು ಎಂಜಿನ್ನಿಗೆ ಹೋಗುವ ದಾರಿಯಲ್ಲಿನ ಗಾಳಿಯ ಒತ್ತಡ ಅಳೆದು ಲೆಕ್ಕ ಹಾಕುತ್ತವೆ. ಅಂಥವುಗಳಲ್ಲಿ ಪೈಪಿನ ವ್ಯಾಸದಿಂದ ತೊಂದರೆ ಕಡಿಮೆ. ‘ನನ್ನ ಕಾರಿಗೆ ಏನೂ ಆಗಲಿಲ್ಲ’ ಎಂದು ಸ್ನೇಹಿತರು ಹೇಳಿದ ಮಾತು ನಿಮ್ಮ ಕಾರಿಗೆ ಅನ್ವಯಿಸದೇ ಇರಲು ಇದೂ ಒಂದು ಕಾರಣ.

ಬ್ಯಾಟರಿ ಕಳಚಿದರೆ ಲೈಟ್ ಹೋಗುವುದು ನಿಜವಲ್ಲವೇ?

ಅನೇಕ ಕಾರುಗಳಲ್ಲಿ ಹೋಗುತ್ತದೆ. ಅದಕ್ಕೇ ಈ ಸಲಹೆ ಇಷ್ಟು ಹರಡಿದೆ. ಆದರೆ ಅಳಿಸಿಹೋಗುವುದು ಕಂಪ್ಯೂಟರಿನ ನೆನಪು ಮಾತ್ರ, ದೋಷ ಅಲ್ಲೇ ಇರುತ್ತದೆ. ಪೆಟ್ರೋಲ್ ಲೆಕ್ಕದ ದೋಷ ಸಾಮಾನ್ಯವಾಗಿ ಎರಡು ಓಡಾಟಗಳಲ್ಲಿ ಸತತವಾಗಿ ಕಂಡ ಮೇಲೆಯೇ ಲೈಟ್ ಬರುತ್ತದೆ. ಹಾಗಾಗಿ ಬ್ಯಾಟರಿ ಕಳಚಿದ ಮೇಲೆ ಒಂದೆರಡು ದಿನ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ‘ಸರಿಹೋಯಿತು’ ಎಂಬ ಮೆಸೇಜ್ ಗ್ರೂಪಿಗೆ ಬೀಳುವುದು ಆ ಒಂದೆರಡು ದಿನಗಳಲ್ಲೇ.

ಇಲ್ಲೇ ಅಪಾಯವಿರುವುದು. ಪೆಟ್ರೋಲ್ ಸಾಲದೆ ಉರಿಯುವ ಎಂಜಿನ್ ಮುಗ್ಗರಿಸುತ್ತದೆ, ಭಾರ ಬಿದ್ದಾಗ ಬಡಿತ ಶುರುವಾಗಬಹುದು. ಮಿಸ್‌ಫೈರ್ ಆಗಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಸೇರಿದರೆ ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾಗುತ್ತದೆ. ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳಿರುವುದರಿಂದ ಅದು ದುಬಾರಿ. ಲೈಟ್ ಸುಮ್ಮನೆ ಹೊತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಟುಕಿಸುತ್ತಿದ್ದರೆ ಮಾತ್ರ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ.

ಹಾಕಿಸಲೇಬೇಕೆಂದಿದ್ದರೆ ಏನು ನೋಡಬೇಕು?

‘ಎಲ್ಲ ಕಾರಿಗೂ ಆಗುತ್ತದೆ’ ಎಂಬ ಕಿಟ್ ಬೇಡ. ನಿಮ್ಮ ಮಾಡೆಲ್, ಎಂಜಿನ್, ವರ್ಷಕ್ಕೆಂದೇ ಮಾಡಿದ, ಸೆನ್ಸರ್ ಜಾಗದ ಅಳತೆ ಮೂಲದಂತೆಯೇ ಇರುವ ಕಿಟ್ ಆರಿಸಿ. ಸೆನ್ಸರ್ ತೆಗೆಯುವಾಗ ಎಂಜಿನ್ ಆಫ್ ಇರಲಿ, ತಂತಿಯನ್ನು ಬೆರಳಿನಿಂದ ಮುಟ್ಟಬೇಡಿ. ಕೊಳೆಯಾಗಿದ್ದರೆ ಮ್ಯಾಫ್ ಸೆನ್ಸರಿಗೆಂದೇ ಸಿಗುವ ಸ್ಪ್ರೇ ಬಳಸಿ, ಕಾರ್ಬುರೇಟರ್ ಕ್ಲೀನರ್ ಬೇಡ. ಎಣ್ಣೆ ಬೇಡದ ಫಿಲ್ಟರ್ ಆದರೆ ಒಂದು ತಲೆನೋವು ಕಡಿಮೆ.

ಎರಡು ಮೂರು ದಿನ ಓಡಿಸಿದ ಮೇಲೆ ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಸ್ಕ್ಯಾನರಿನಲ್ಲಿ ‘ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್’ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಶೇ. 10 ದಾಟಿ ಏರುತ್ತಿದ್ದರೆ ಲೈಟ್ ಬರುವ ಮೊದಲೇ ಕಾರಣ ಹುಡುಕಿ. ದೋಷ ನಿಜವಾಗಿ ಸರಿಯಾಗಿದ್ದರೆ ಸಾಮಾನ್ಯವಾಗಿ ಮೂರು ಓಡಾಟಗಳ ನಂತರ ಲೈಟ್ ತಾನಾಗಿಯೇ ಹೋಗುತ್ತದೆ. ಹಳೆಯ ಡಬ್ಬಿಯನ್ನು ಗುಜರಿಗೆ ಹಾಕದೆ ಮನೆಯಲ್ಲಿಡಿ.

ಮಳೆಗಾಲ ಮತ್ತು ಕಾನೂನು

ತಂಪು ಗಾಳಿಗಾಗಿ ಫಿಲ್ಟರನ್ನು ಬಂಪರ್ ಕೆಳಗೆ ಇಳಿಸುವ ಕಿಟ್‌ಗಳು ನೀರು ನಿಂತ ಅಂಡರ್‌ಪಾಸಿನಲ್ಲಿ ಗಾಳಿಯ ಬದಲು ನೀರನ್ನೇ ಎಳೆಯಬಲ್ಲವು. ನೀರನ್ನು ಗಾಳಿಯಂತೆ ಅದುಮಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಟ್ ಕವರ್ ಇಲ್ಲದ ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಹಣ ಸಿಗುವುದು ಕಷ್ಟ. ನೀರಿನಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋಯಿಂಗ್ ಮಾಡಿಸಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿ ದಂಡ ವಿಧಿಸಿದೆ. ವಾರಂಟಿ ಇರುವ ಕಾರಾದರೆ ಸರ್ವೀಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಕಿಟ್ ಮೇಲೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ನೀಡಿದ ಅನುಮೋದನೆ ಸಂಖ್ಯೆ ಇದೆಯೇ ನೋಡಬೇಕು. ಅಲ್ಲಿ ಬ್ಯಾಟರಿ ಕಳಚಿ ಕೂಡಲೇ ಸ್ಮಾಗ್ ಚೆಕ್‌ಗೆ ಹೋದರೂ ಪಾಸಾಗುವುದಿಲ್ಲ, ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು ಮುಗಿದಿರಬೇಕು.

ಒಟ್ಟಿನಲ್ಲಿ

ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದರೆ ಲೈಟ್ ಬಂದೇ ಬರುತ್ತದೆ ಎನ್ನುವುದು ಸುಳ್ಳು. ಬಂದ ಲೈಟಿಗೆ ಅರ್ಥವಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ಜ್ವರ ಬಂದಾಗ ಥರ್ಮಾಮೀಟರ್ ಬಚ್ಚಿಟ್ಟರೆ ಜ್ವರ ಇಳಿಯುವುದಿಲ್ಲ. ಬ್ಯಾಟರಿ ಕಳಚುವ ಸಲಹೆ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ‘ಕೋಡ್ ಎಷ್ಟು ಬಂತು?’ ಎಂದು ಒಂದು ಪ್ರಶ್ನೆ ಕೇಳಿ.