ಬೆಲೆ ಕಟ್ಟುವ ಪದಗಳು, ಬೆಲೆ ಕಳೆಯುವ ಪದಗಳು

ನಮ್ಮ ವಾಣಿಜ್ಯ ಪತ್ರವ್ಯವಹಾರವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿರುವುದರಿಂದ, ಆ ಭಾಷೆಯ ಪದಗಳನ್ನು ತೂಗಿ ಬಳಸುವುದು ಸದಸ್ಯ ಬಾಂಧವರಿಗೆ ಅನಿವಾರ್ಯ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾದ ವರ್ತಕರೊಬ್ಬರು, ತಮ್ಮಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಗುಮಾಸ್ತರಿಗೆ ಪ್ರಶಂಸಾಪತ್ರ ನೀಡಿದರು. ‘ಇನ್‌ವ್ಯಾಲ್ಯುಯಬಲ್’ ಎಂದಿರಬೇಕಾದಲ್ಲಿ ‘ವ್ಯಾಲ್ಯೂಲೆಸ್’ ಎಂದಿತ್ತು. ಮೊದಲನೆಯದು ಬೆಲೆ ಕಟ್ಟಲಾಗದ್ದು. ಎರಡನೆಯದು ಬೆಲೆಯೇ ಇಲ್ಲದ್ದು. ಆ ಹಿರಿಯರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಮೌನವಾಗಿ ನಿಂತರು. ವರ್ತಕರು ತಪ್ಪನ್ನರಿತು ಬೇರೆ ಪತ್ರ ಕೊಟ್ಟರಾದರೂ, ಆದ ನೋವು ಆಗಿಹೋಗಿತ್ತು.

ಇಂಗ್ಲಿಷಿನ ಗೌರವಸೂಚಕ ಪದಗಳಲ್ಲಿ ಅನೇಕವು ಪೇಟೆಯ ನಂಟುಳ್ಳವು. ‘ಅಪ್ರಿಶಿಯೇಟ್’ ಹಾಗೂ ‘ಡಿಪ್ರಿಶಿಯೇಟ್’ ಎರಡಕ್ಕೂ ಬೆಲೆ ಎಂಬರ್ಥದ ‘ಪ್ರೆಟಿಯಮ್’ ಎಂಬ ಲ್ಯಾಟಿನ್ ಪದವೇ ಮೂಲ. ಗೌರವವೆಂಬ ‘ಎಸ್ಟೀಮ್’ ಮತ್ತು ಅಂದಾಜು ಎಂಬ ‘ಎಸ್ಟಿಮೇಟ್’ ಒಂದೇ ಬೇರಿನವು. ಆದರೆ ‘ಡಿಪ್ರಿಕೇಟ್’ ಈ ಕುಟುಂಬದ್ದಲ್ಲ. ಅದರ ಮೂಲಾರ್ಥ ಪ್ರಾರ್ಥಿಸಿ ನಿವಾರಿಸುವುದು, ಇಂದಿನ ಅರ್ಥ ಅಸಮ್ಮತಿ ಸೂಚಿಸುವುದು. ಯಂತ್ರವು ಡಿಪ್ರಿಶಿಯೇಟ್ ಆಗುತ್ತದೆ. ಅನುಚಿತ ವ್ಯವಹಾರವನ್ನು ನಾವು ಡಿಪ್ರಿಕೇಟ್ ಮಾಡುತ್ತೇವೆ.

ಲೆಕ್ಕಶಾಸ್ತ್ರದಲ್ಲಿ ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಕಳೆಯುತ್ತೇವೆ. ನೌಕರನ ಅನುಭವವಾದರೋ ವರ್ಷ ಕಳೆದಂತೆ ಬೆಳೆಯುತ್ತದೆ. ಆದರೆ ಅದು ಆಸ್ತಿಯ ಪಟ್ಟಿಗೆ ಬಾರದು. ಸಂಸ್ಥೆ ತಾನೇ ಗಳಿಸಿದ ಗುಡ್‌ವಿಲ್ಲನ್ನು ಆಸ್ತಿಯಾಗಿ ತೋರಿಸುವಂತಿಲ್ಲವೆಂಬುದು ಎಎಸ್ 26ರ ನಿಯಮ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ಹಲವು ವರ್ಷ ತನ್ನ ವಾರ್ಷಿಕ ವರದಿಗಳಲ್ಲಿ ಲೆವ್ ಮತ್ತು ಶ್ವಾರ್ಟ್ಜ್ ಮಾದರಿಯಂತೆ ಮಾನವ ಸಂಪನ್ಮೂಲದ ಮೌಲ್ಯವನ್ನು ಪ್ರಕಟಿಸಿತ್ತು. ಅದೂ ಪೂರಕ ಮಾಹಿತಿಯಾಗಿ ಮಾತ್ರ.

ಈ ನಿಯಮವನ್ನು ನಾನು ಆಕ್ಷೇಪಿಸುವುದಿಲ್ಲ. ನಿಖರವಾಗಿ ಅಳೆಯಲಾಗದುದನ್ನು ಲೆಕ್ಕಕ್ಕೆ ತಂದರೆ ಲೆಕ್ಕವೇ ಕೆಡುತ್ತದೆ. ಆದರೆ ಅಢಾವೆ ಪತ್ರಿಕೆಯಲ್ಲಿ ಕಾಣದುದಕ್ಕೆ ಬೆಲೆಯೇ ಇಲ್ಲವೆಂದು ಮಾಲೀಕರು ಭಾವಿಸುವುದು ಸರಿಯಲ್ಲ. ವ್ಯಾಪಾರವನ್ನು ಮಾರುವ ದಿನ ಕೊಳ್ಳುವವನು ನಿವ್ವಳ ಆಸ್ತಿಗಿಂತ ಹೆಚ್ಚು ಹಣ ಕೊಟ್ಟರೆ, ಅದರಲ್ಲಿ ಇಂತಹ ಗುಮಾಸ್ತರು ಗಳಿಸಿಕೊಟ್ಟ ನಂಬಿಕೆಯ ಪಾಲೂ ಇರುತ್ತದೆ.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮವರ ಸೇವೆಯನ್ನು ಅವರು ನಿವೃತ್ತರಾಗುವ ಮುನ್ನವೇ ಬರೆದು ಮನ್ನಿಸಿರಿ. ಇಂಗ್ಲಿಷಿನ ಪದದಲ್ಲಿ ಸಂದೇಹವಿದ್ದರೆ ಕನ್ನಡದಲ್ಲಿಯೇ ಬರೆಯಿರಿ. ದುಡಿದವರ ಪಾಲಿಗೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ನಿಜವಾಗದಿರಲಿ.