ರೀಡಿಂಗ್ ಹೊಂದಿಸಬೇಡಪ್ಪ, ಬಂದದ್ದನ್ನೇ ಬರಿ

ಕಳೆದ ಭಾನುವಾರ ರಾತ್ರಿ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ್ದ. ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ. ‘ಮಾಮ, ನಾಳೆ ಮಧ್ಯಾಹ್ನ ರೆಕಾರ್ಡ್ ಕೊಡ್ಬೇಕು. ಹೀಟ್ ಎಕ್ಸ್‌ಚೇಂಜರ್ ಪ್ರಯೋಗದ ರೀಡಿಂಗ್ ಹೊಂದ್ತಾನೇ ಇಲ್ಲ. ಉತ್ತರ ಎಷ್ಟು ಬರ್ಬೇಕು ಅಂತ ಹೇಳಿಬಿಡು, ನಾನು ಹಿಂದಿನಿಂದ ಲೆಕ್ಕ ಮಾಡ್ಕೊಂತೀನಿ’ ಎಂದ.

ಅವನ ದಿನಚರಿ ನನಗೆ ಗೊತ್ತು. ಬೆಳಿಗ್ಗೆ ಒಂಬತ್ತರಿಂದ ತರಗತಿ. ಮಾಸ್ ಟ್ರಾನ್ಸ್‌ಫರ್, ರಿಯಾಕ್ಷನ್ ಎಂಜಿನಿಯರಿಂಗ್, ಮಧ್ಯೆ ಒಂದು ಇಂಟರ್ನಲ್ಸ್. ಊಟವಾದ ಮೇಲೆ ಮೂರು ಗಂಟೆ ಲ್ಯಾಬ್. ಐದು ಜನರ ಬ್ಯಾಚಿನಲ್ಲಿ ಒಬ್ಬ ವಾಲ್ವ್ ತಿರುಗಿಸುತ್ತಾನೆ, ಒಬ್ಬಳು ಸ್ಟಾಪ್‌ವಾಚ್ ಹಿಡಿಯುತ್ತಾಳೆ, ಒಬ್ಬ ಬರೆದುಕೊಳ್ಳುತ್ತಾನೆ. ಉಳಿದಿಬ್ಬರು ಪಂಪಿನ ಸದ್ದು ಕೇಳುತ್ತಾ ನಿಂತಿರುತ್ತಾರೆ. ರಾತ್ರಿ ಹಾಸ್ಟೆಲ್‌ನಲ್ಲಿ ಸೀನಿಯರ್ ಕೊಟ್ಟ ಹಳೆಯ ರೆಕಾರ್ಡ್ ಎದುರಿಗಿಟ್ಟುಕೊಂಡು ಬರೆಯುವುದು. ಇಪ್ಪತ್ತು ವರ್ಷದ ಹಿಂದೆ ನಾವು ಮಾಡಿದ್ದೂ ಇದನ್ನೇ.

ಆರಿಫೀಸ್ ಮೀಟರ್ ಪ್ರಯೋಗದಲ್ಲಿ ನಮ್ಮ ಬ್ಯಾಚಿಗೆ ಗುಣಾಂಕ 0.48 ಬಂದಿತ್ತು. ಪುಸ್ತಕದ ಪ್ರಕಾರ 0.61ರ ಆಸುಪಾಸು ಬರಬೇಕು. ಮ್ಯಾನೋಮೀಟರಿನ ನಳಿಗೆಯಲ್ಲಿ ಗಾಳಿಗುಳ್ಳೆ ಸೇರಿಕೊಂಡಿತ್ತು, ಅದು ಕಣ್ಣಿಗೂ ಕಾಣುತ್ತಿತ್ತು. ಅದನ್ನು ಹೊರಹಾಕಿ ಮತ್ತೆ ಅಳೆಯಲು ಸಮಯವಿರಲಿಲ್ಲ. 0.61 ಬರುವ ಹಾಗೆ ರೀಡಿಂಗ್ ಹೊಂದಿಸಿದೆವು. ಹತ್ತಕ್ಕೆ ಹತ್ತು ಅಂಕ ಸಿಕ್ಕಿತು. ಪಕ್ಕದ ಬ್ಯಾಚಿನವರು ಬಂದದ್ದನ್ನೇ ಬರೆದು ಆರು ಪಡೆದರು. ನಾವು ಅಂದು ಕಲಿತ ಪಾಠ ದ್ರವ ಚಲನಶಾಸ್ತ್ರದ್ದಲ್ಲ.

ಆ ಪಾಠದ ಬೆಲೆ ನವಿ ಮುಂಬೈಗೆ ಕೆಲಸಕ್ಕೆ ಬಂದ ಮೇಲೆ ತಿಳಿಯಿತು. ಮೊದಲ ವರ್ಷ, ರಾತ್ರಿ ಪಾಳಿ. ರಿಯಾಕ್ಟರಿನ ಲಾಗ್‌ಶೀಟ್‌ನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಪ್ರತಿ ಗಂಟೆಗೂ ಒಂದೇ ಸಂಖ್ಯೆ: 64, 64, 64. ನಿಜವಾದ ರಿಯಾಕ್ಟರ್ ಯಾವುದೂ ಅಷ್ಟು ವಿಧೇಯವಾಗಿ ನಡೆದುಕೊಳ್ಳುವುದಿಲ್ಲ. ಆದರೂ ನಾನು ಕೆಳಗೆ ಸಹಿ ಹಾಕಿದೆ. ಬೆಳಿಗ್ಗೆ ನೋಡಿದರೆ ಮಾಪಕದ ಮುಳ್ಳು ಸಿಕ್ಕಿಕೊಂಡಿತ್ತು, ಒಳಗಿನ ಸರಕು ಕಾದು ಕಪ್ಪಾಗಿತ್ತು. ಪುಣ್ಯಕ್ಕೆ ನಷ್ಟವಾದದ್ದು ಸರಕು ಮಾತ್ರ. ಆಪರೇಟರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ಆ ರಾತ್ರಿ ಮಾಡಿದ್ದನ್ನು ನಾನು ನಾಲ್ಕು ವರ್ಷ ಅಂಕಕ್ಕಾಗಿ ಮಾಡಿದ್ದೆ.

ಎಲ್ಲ ಕಡೆ ಪುಣ್ಯ ಕೆಲಸ ಮಾಡುವುದಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ 610ನೇ ಟ್ಯಾಂಕಿನ ಒತ್ತಡ 2ರಿಂದ 10 ಪಿಎಸ್‌ಐಗೆ ಏರಿತ್ತು. ಅಲ್ಲಿನ ಮಾಪಕಗಳ ಮೇಲೆ ಕೆಲಸಗಾರರಿಗೆ ನಂಬಿಕೆಯೇ ಉಳಿದಿರಲಿಲ್ಲ. ಆ ಏರಿಕೆ ಯಾರಿಗೂ ಎಚ್ಚರಿಕೆಯಾಗಿ ಕಾಣಲಿಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿತು. ಅಲ್ಲಿ ಟ್ಯಾಂಕಿನ ಉಷ್ಣತೆ ಅಳೆಯುತ್ತಿದ್ದದ್ದು ತಳದಲ್ಲಿ, ಕಾದದ್ದು ಮೇಲ್ಭಾಗ. ಈ ದುರಂತಗಳಿಗೆ ಕಾರಣಗಳು ಹಲವು, ಹೆಚ್ಚಿನವು ಆಡಳಿತದ ತಪ್ಪುಗಳು. ಕಾಲೇಜಿನ ರೆಕಾರ್ಡ್ ಪುಸ್ತಕವನ್ನು ಅದಕ್ಕೆ ಹೊಣೆ ಮಾಡುತ್ತಿಲ್ಲ. ಆದರೆ ಸಂಖ್ಯೆಯನ್ನು ಅನುಮಾನಿಸುವ, ಅನುಮಾನ ಬಂದರೆ ಎದ್ದು ಹೋಗಿ ನೋಡುವ ಅಭ್ಯಾಸ ಎಲ್ಲಾದರೂ ಶುರುವಾಗಬೇಕಲ್ಲ? ಅದಕ್ಕೆ ಕಾಲೇಜಿನ ಲ್ಯಾಬ್‌ಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ತಪ್ಪಾದರೆ ಚೆಲ್ಲುವುದು ನೀರು.

ಹುಡುಗರನ್ನಷ್ಟೇ ದೂರಿ ಫಲವಿಲ್ಲ. ಉಪಕರಣ ಹಳೆಯವು, ಅಧ್ಯಾಪಕರಿಗೆ ತಿದ್ದಲು ನೂರಾರು ರೆಕಾರ್ಡ್, ಸೆಮಿಸ್ಟರ್ ಗಡಿಬಿಡಿ. ಆದರೂ ಒಂದು ಬದಲಾವಣೆಗೆ ಹಣ ಬೇಕಿಲ್ಲ. ‘ಸರಿಯಾದ’ ಉತ್ತರಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನು, ಬಂದ ಉತ್ತರ ಯಾಕೆ ಹಾಗೆ ಬಂತು ಎಂಬ ವಿವರಣೆಗೆ ಕೊಡಿ. 0.48 ಬರೆದು ‘ನಳಿಗೆಯಲ್ಲಿ ಗಾಳಿ ಇತ್ತು’ ಎಂದವನಿಗೆ ಹತ್ತು ಸಿಗಲಿ. ಎಲ್ಲರಿಗೂ ಒಂದೇ 0.61 ಬಂದರೆ ವೈವಾದಲ್ಲಿ ನಾಲ್ಕು ಪ್ರಶ್ನೆ ಕೇಳಿ.

ಹೊರರಾಜ್ಯಗಳಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ತಳೋಜಾ, ವಾಪಿ, ಅಂಕಲೇಶ್ವರ, ಹೈದರಾಬಾದಿನ ಔಷಧ ಕಾರ್ಖಾನೆಗಳಲ್ಲಿ ಕರ್ನಾಟಕದ ಕಾಲೇಜುಗಳಿಂದ ಬಂದವರು ಎಷ್ಟು ಜನ ಇದ್ದೇವೆ! ಊರಿಗೆ ಹೋದಾಗ ಓದಿದ ಕಾಲೇಜಿಗೆ ಹೋಗಿ ಸನ್ಮಾನದ ಶಾಲು ಹೊದ್ದು ‘ಕಷ್ಟಪಟ್ಟು ಓದಿ’ ಎಂದು ಬರುತ್ತೇವೆ. ಅದರ ಬದಲು ಎರಡು ಗಂಟೆ ಲ್ಯಾಬಿನಲ್ಲಿ ನಿಲ್ಲೋಣ. ನಾವು ಮಾಡಿದ ತಪ್ಪನ್ನು, ಹಾಕಿದ ಸಹಿಯನ್ನು ನಾಚಿಕೆ ಬಿಟ್ಟು ಹೇಳೋಣ. ಪ್ಯಾಕೇಜಿನ ಮಾತಿಗಿಂತ ಅದು ಹುಡುಗರಿಗೆ ಹೆಚ್ಚು ದಿನ ನೆನಪಿರುತ್ತದೆ.

ಅಳಿಯನ ಲೆಕ್ಕಕ್ಕೆ ಬರುತ್ತೇನೆ. ಎರಡೂ ಕೊಳವೆಗಳಲ್ಲಿ ನಿಮಿಷಕ್ಕೆ ಒಂದೇ ಅಳತೆಯ ನೀರು. ಬಿಸಿ ನೀರು 60ರಿಂದ 52 ಡಿಗ್ರಿಗೆ ಇಳಿದಿತ್ತು, ತಣ್ಣೀರು 28ರಿಂದ 38ಕ್ಕೆ ಏರಿತ್ತು. ಕಳೆದದ್ದು ಎಂಟು, ಪಡೆದದ್ದು ಹತ್ತು. ಇಲ್ಲದ ಶಾಖ ಎಲ್ಲಿಂದಲೋ ಬಂದಿತ್ತು! ‘ಉತ್ತರ ಹೇಳಲ್ಲ. ಬೆಳಿಗ್ಗೆ ಬೇಗ ಹೋಗಿ ನಾಲ್ಕೂ ಥರ್ಮಾಮೀಟರ್ ಒಂದೇ ಬಕೆಟ್ ನೀರಿಗೆ ಇಟ್ಟು ನೋಡು’ ಎಂದೆ. ಮುನಿಸಿಕೊಂಡೇ ಫೋನಿಟ್ಟ.

ಸೋಮವಾರ ಹತ್ತು ಗಂಟೆಗೆ ಮೆಸೇಜ್ ಬಂತು: ‘ಮಾಮ, ತಣ್ಣೀರು ಹೊರಗೆ ಬರೋ ಕಡೆದು 3 ಡಿಗ್ರಿ ಜಾಸ್ತಿ ತೋರಿಸ್ತಿದೆ. ಅಂದ್ರೆ 35. ಪಡೆದದ್ದು ಏಳೇ. ಉಳಿದ ಒಂದು ಗಾಳಿಗೆ ಹೋಗಿರಬೇಕು, ಅಲ್ವಾ?’

ಹಾಗೇ ಬರೆದು ಕೊಟ್ಟಿದ್ದಾನೆ. ಅಂಕ ಇನ್ನೂ ಬಂದಿಲ್ಲ. ಎಷ್ಟೇ ಬರಲಿ, ಇನ್ನೆರಡು ವರ್ಷಕ್ಕೆ ನನ್ನ ಕಾರ್ಖಾನೆಯ ರಾತ್ರಿ ಪಾಳಿಗೆ ಒಬ್ಬ ಎಂಜಿನಿಯರ್ ಬೇಕಾದರೆ, ಆ ಬಕೆಟ್ ಹಿಡಿದು ನಿಂತ ಹುಡುಗನಂಥವನೇ ನನಗೆ ಬೇಕು.